ಮಗ್ಗ ಕಾಣದ ಬಟ್ಟೆ



ಮನೆಯಲ್ಲಿ ಹಾರ್ಮೋನಿಯಂ ಇದ್ದವರು ಯಾವಾಗಲಾದರೂ ಅದರ ಮೇಲಿನ ಹಲಗೆ ತೆಗೆದು ಒಳಗೆ ಇಣುಕಿರಬಹುದು. ಮರಕ್ಕೆ ಮರ ಬಡಿದು ಸದ್ದಾಗಬಾರದೆಂದು ಕೀಗಳ ಅಡಿಯಲ್ಲಿ ಕೆಂಪು ಇಲ್ಲವೇ ಹಸಿರು ಬಣ್ಣದ, ಮೆತ್ತಗಿನ ಬಟ್ಟೆಯ ಪಟ್ಟಿ ಅಂಟಿಸಿರುತ್ತಾರೆ. ಅದೇ ಫೆಲ್ಟ್. ಪಿಯಾನೋದ ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಯ ತಲೆಗೆ ಸುತ್ತಿರುವುದೂ ಉಣ್ಣೆಯ ಫೆಲ್ಟೇ. ಕುರ್ಚಿಯ ಕಾಲು ನೆಲಕ್ಕೆ ಗೀರು ಹಾಕದಂತೆ ಅಡಿಗೆ ಅಂಟಿಸುವ ಬಿಲ್ಲೆಯಲ್ಲೂ ಅದನ್ನು ಕಾಣುತ್ತೇವೆ. ಇತ್ತೀಚಿನ ವರ್ಷಗಳಲ್ಲಿ ಇದು ಸ್ಟೇಷನರಿ ಅಂಗಡಿಗಳಿಗೆ ಬಂದಿದೆ. ಬಣ್ಣಬಣ್ಣದ ಹಾಳೆಗಳಾಗಿ, ಡ್ರಾಯಿಂಗ್ ಶೀಟಿನ ಪಕ್ಕದಲ್ಲೇ ಸಿಗುತ್ತದೆ. ಶಾಲೆಯ ಪ್ರಾಜೆಕ್ಟಿಗೆ, ಬಾಗಿಲ ತೋರಣಕ್ಕೆ, ಗೊಂಬೆಗೆ, ಮೊಬೈಲ್ ಚೀಲಕ್ಕೆ ಮಕ್ಕಳೂ ದೊಡ್ಡವರೂ ಅದನ್ನು ಕತ್ತರಿಸುತ್ತಾರೆ, ಹೊಲಿಯುತ್ತಾರೆ, ಅಂಟಿಸುತ್ತಾರೆ. ಕೈಕೆಲಸ ಕಲಿಸುವವಳಾಗಿ ನನಗೆ ಈ ಬಟ್ಟೆಯ ಮೇಲೆ ತುಂಬ ಅಕ್ಕರೆ. ಅದನ್ನು ಹೇಗೆ ಬಳಸಬೇಕು, ಹೇಗೆ ಕಾಪಾಡಬೇಕು ಎಂದು ಇವತ್ತು ಒಂದಿಷ್ಟು ಹೇಳುತ್ತೇನೆ.

ಬಳಕೆಯ ಮಾತಿಗೆ ಮೊದಲು ಅದು ಹೇಗೆ ಹುಟ್ಟುತ್ತದೆ ಎಂಬುದು ಗೊತ್ತಿರಬೇಕು. ಅದು ತಿಳಿದರೆ ಉಳಿದದ್ದು ತಾನಾಗಿಯೇ ತಿಳಿಯುತ್ತದೆ.

ಹತ್ತಿ ಬಟ್ಟೆಯಾಗಲಿ ರೇಷ್ಮೆಯಾಗಲಿ ಎಳೆ ತೆಗೆದು, ನೂಲಾಗಿಸಿ, ಹಾಸುಹೊಕ್ಕು ನೇಯ್ದದ್ದು. ಫೆಲ್ಟಿಗೆ ನೂಲೂ ಬೇಡ, ಮಗ್ಗವೂ ಬೇಡ. ಕುರಿಯ ಉಣ್ಣೆಯ ಒಂದು ಎಳೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದರ ಮೈ ನುಣುಪಾಗಿ ಕಾಣುವುದಿಲ್ಲ. ಬುಡದಿಂದ ತುದಿಯವರೆಗೆ, ಮಾಡಿಗೆ ಹೊದಿಸಿದ ಹೆಂಚಿನ ಹಾಗೆ, ಒಂದರ ಮೇಲೊಂದು ಚಿಕ್ಕ ಪೊರೆಗಳಿರುತ್ತವೆ. ಅವುಗಳ ಅಂಚು ತುದಿಯ ಕಡೆಗೆ ತಿರುಗಿರುತ್ತದೆ. ಹೀಗಾಗಿ ಉಣ್ಣೆಯ ಎಳೆ ಬುಡ ಮುಂದಾಗಿ ಸಲೀಸಾಗಿ ಜಾರುತ್ತದೆ, ಹಿಂದಕ್ಕೆ ಎಳೆದರೆ ಪೊರೆಗಳು ತಡೆಯುತ್ತವೆ. ಬೆಚ್ಚಗಿನ ಸೋಪಿನ ನೀರು ಬಿದ್ದಾಗ ಎಳೆ ಉಬ್ಬಿ ಪೊರೆಗಳು ಬಿಚ್ಚಿಕೊಳ್ಳುತ್ತವೆ. ಆಗ ತಿಕ್ಕಿದರೆ, ಉರುಳಿಸಿದರೆ, ತುಳಿದರೆ ಒಂದೊಂದು ಎಳೆಯೂ ಮುಂದೆ ಮುಂದೆ ನುಗ್ಗಿ ಪಕ್ಕದ ಎಳೆಗಳೊಳಗೆ ಸಿಕ್ಕಿಕೊಳ್ಳುತ್ತದೆ. ಹಿಂದಕ್ಕೆ ಬರಲು ದಾರಿಯಿಲ್ಲ. ಸಾವಿರಾರು ಎಳೆಗಳು ಹೀಗೆ ಬಿಗಿದುಕೊಂಡರೆ ಅದೇ ಬಟ್ಟೆಯಾಗುತ್ತದೆ. ಒಮ್ಮೆ ಬಿಗಿದುಕೊಂಡದ್ದನ್ನು ಬಿಡಿಸುವುದು ಯಾರಿಂದಲೂ ಆಗದು. ಹತ್ತಿಯ ಎಳೆಗೆ ಇಂಥ ಪೊರೆಗಳಿಲ್ಲ. ಅದಕ್ಕೇ ಹತ್ತಿಯನ್ನು ಎಷ್ಟು ತಿಕ್ಕಿದರೂ ಫೆಲ್ಟ್ ಆಗುವುದಿಲ್ಲ.

ಬಿಸಿ, ನೀರು, ತಿಕ್ಕಾಟ – ಈ ಮೂರು ಸೇರಿದರೆ ಫೆಲ್ಟ್ ಹುಟ್ಟುತ್ತದೆ. ಮಾಡಿ ಮುಗಿಸಿದ ಫೆಲ್ಟನ್ನು ಕೆಡಿಸುವುದೂ ಇವೇ ಮೂರು. ನಿಮ್ಮ ಮನೆಯ ಉಣ್ಣೆ ಸ್ವೆಟರನ್ನು ಯಾರೋ ತಿಳಿಯದೆ ವಾಷಿಂಗ್ ಮೆಷಿನ್ನಿನ ಬಿಸಿನೀರಿಗೆ ಹಾಕಿ, ಅದು ಮಗುವಿನ ಅಳತೆಗೆ ಕುಗ್ಗಿ, ದಪ್ಪಗೆ ಗಟ್ಟಿಯಾಗಿ ಹೊರಗೆ ಬಂದದ್ದನ್ನು ನೋಡಿದ್ದೀರಾ? ಆ ಸ್ವೆಟರ್ ಫೆಲ್ಟ್ ಆಗಿಹೋಗಿದೆ. ಇವತ್ತು ನಾನು ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಈ ಮೂರನ್ನು ಒಟ್ಟಿಗೆ ಸೇರಲು ಬಿಡಬೇಡಿ ಎನ್ನುವುದೇ.

ಇದು ಮನುಷ್ಯ ಕಂಡುಕೊಂಡ ತೀರ ಹಳೆಯ ಬಟ್ಟೆಗಳಲ್ಲಿ ಒಂದು. ಸೈಬೀರಿಯಾದ ಅಲ್ಟಾಯ್ ಬೆಟ್ಟಗಳಲ್ಲಿ ಪಾಜಿರಿಕ್ ಎಂಬ ಕಣಿವೆಯಿದೆ. ಅಲ್ಲಿನ ಸಮಾಧಿ ದಿಬ್ಬಗಳನ್ನು ಸೆರ್ಗೆಯ್ ರುಡೆಂಕೋ ಎಂಬ ಪುರಾತತ್ತ್ವಜ್ಞರು 1947ರಿಂದ 1949ರವರೆಗೆ ಅಗೆಸಿದರು. ಎರಡು ಸಾವಿರ ವರ್ಷಕ್ಕೂ ಹಿಂದಿನ ಗೋರಿಗಳು ಅವು. ಒಳಗೆ ನೀರು ಇಳಿದು ಮಂಜುಗಡ್ಡೆಯಾಗಿ ಹಾಗೇ ನಿಂತುಬಿಟ್ಟಿತ್ತು. ಆ ಮಂಜಿನೊಳಗೆ ಫೆಲ್ಟಿನ ವಸ್ತುಗಳು ಬಣ್ಣದ ಸಮೇತ ಉಳಿದಿದ್ದವು. ಐದನೆಯ ದಿಬ್ಬದಲ್ಲಿ ಸಿಕ್ಕಿದ ಒಂದು ಗೋಡೆ ತೆರೆ ಸುಮಾರು ನಾಲ್ಕೂವರೆ ಮೀಟರಿಗೆ ಆರೂವರೆ ಮೀಟರ್ ಇದೆ. ಬಣ್ಣದ ಫೆಲ್ಟನ್ನು ಆಕಾರಕ್ಕೆ ಕತ್ತರಿಸಿ, ಬಿಳಿ ಫೆಲ್ಟಿನ ಮೇಲಿಟ್ಟು ಹೊಲಿದು, ಕುದುರೆ ಸವಾರನನ್ನೂ ಸಿಂಹಾಸನದ ಮೇಲೆ ಕುಳಿತ ದೇವಿಯನ್ನೂ ಅದರ ಮೇಲೆ ಮೂಡಿಸಿದ್ದಾರೆ. ಫೆಲ್ಟನ್ನು ಹೊಲಿದು ಒಳಗೆ ರೋಮ ತುಂಬಿ ಮಾಡಿದ ಹಂಸಗಳೂ ಸಿಕ್ಕಿವೆ. ಇವೆಲ್ಲ ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟಾಜ್ ವಸ್ತುಸಂಗ್ರಹಾಲಯದಲ್ಲಿವೆ. ನಮ್ಮ ಮಕ್ಕಳು ಇವತ್ತು ಫೆಲ್ಟಿನಲ್ಲಿ ಮಾಡುವುದೂ ಇದನ್ನೇ: ಆಕಾರಕ್ಕೆ ಕತ್ತರಿಸುವುದು, ಮೇಲೆ ಇಟ್ಟು ಹೊಲಿಯುವುದು, ಒಳಗೆ ತುಂಬಿ ಗೊಂಬೆ ಮಾಡುವುದು.

ನಮ್ಮ ದೇಶದಲ್ಲಿ ಫೆಲ್ಟೆಂದರೆ ಕಾಶ್ಮೀರದ ನಮ್ದಾ ಎಂಬ ನೆಲಹಾಸು. ಗುಜರಾತಿನ ಕಛ್, ರಾಜಸ್ಥಾನದ ಟೊಂಕ್ ಕಡೆಯೂ ನಮ್ದಾ ಮಾಡುತ್ತಾರೆ. ಶ್ರೀನಗರದ ಕುಶಲಿಗರು ಉಣ್ಣೆಯನ್ನು, ಕೆಲವೊಮ್ಮೆ ಸ್ವಲ್ಪ ಹತ್ತಿ ಬೆರೆಸಿ, ಹಿಂಜಿ ಹಗುರ ಮಾಡುತ್ತಾರೆ. ನಮ್ಮ ಪಿಂಜಾರರು ಹಾಸಿಗೆಯ ಹತ್ತಿಯನ್ನು ಬಿಲ್ಲಿನ ಹೆದೆಗೆ ಬಡಿದು ಹಿಂಜುತ್ತಿದ್ದರಲ್ಲ, ಇದೂ ಅದೇ ಬಗೆಯ ಕೆಲಸ. ಹಿಂಜಿದ ಉಣ್ಣೆಯನ್ನು ಚಾಪೆಯ ಮೇಲೆ ಪದರ ಪದರವಾಗಿ ಸಮನಾಗಿ ಹರಡಿ, ಸೋಪಿನ ನೀರು ಚಿಮುಕಿಸಿ, ಒತ್ತಿ, ಚಾಪೆ ಸಮೇತ ಬಿಗಿಯಾಗಿ ಸುರುಳಿ ಸುತ್ತುತ್ತಾರೆ. ಆ ಸುರುಳಿಯನ್ನು ಕಾಲಲ್ಲಿ ತುಳಿದು, ಮುಂಗೈಯಿಂದ ಒತ್ತಿ ಮತ್ತೆ ಮತ್ತೆ ಉರುಳಿಸುತ್ತಾರೆ. ಬಿಚ್ಚಿದಾಗ ಉಣ್ಣೆಯ ರಾಶಿ ಹೋಗಿ ಒಂದೇ ಹಾಸು ಸಿಗುತ್ತದೆ. ಅದನ್ನು ಒಣಗಿಸಿ, ಆರಿ ಎಂಬ ಕೊಕ್ಕೆ ಸೂಜಿಯಿಂದ ಸರಪಳಿ ಹೊಲಿಗೆಯಲ್ಲಿ ಹೂಬಳ್ಳಿ ಹೊಲಿಯುತ್ತಾರೆ.

ಕಿರ್ಗಿಸ್ತಾನದ ಹೆಂಗಸರು ಮಾಡುವ ಶಿರ್ದಾಕ್ ಎಂಬ ನೆಲಹಾಸಿನ ಬಗ್ಗೆ ಓದಿದಾಗ ನನಗೆ ಅವರ ಜಾಣತನ ಕಂಡು ತುಂಬ ಸಂತೋಷವಾಯಿತು. ಕಪ್ಪು ಒಂದು, ಬಿಳಿ ಒಂದು, ಹೀಗೆ ಎರಡು ಬಣ್ಣದ ಫೆಲ್ಟನ್ನು ಒಂದರ ಮೇಲೊಂದಿಟ್ಟು ವಿನ್ಯಾಸ ಬರೆದು ಎರಡನ್ನೂ ಒಟ್ಟಿಗೇ ಕೊಯ್ಯುತ್ತಾರೆ. ಆಮೇಲೆ ಬಿಳಿಯಿಂದ ಬಂದ ತುಂಡನ್ನು ಕಪ್ಪಿನ ಖಾಲಿ ಜಾಗಕ್ಕೆ, ಕಪ್ಪಿನ ತುಂಡನ್ನು ಬಿಳಿಯ ಖಾಲಿ ಜಾಗಕ್ಕೆ ಕೂರಿಸಿ ಹೊಲಿಯುತ್ತಾರೆ. ಸೇರುವೆಯ ಮೇಲೆ ಹೊಸೆದ ದಾರ ಇಟ್ಟು ಮುಚ್ಚುತ್ತಾರೆ. ಒಂದು ಕೊಯ್ತಕ್ಕೆ ಎರಡು ಹಾಸು, ಚೂರೂ ವ್ಯರ್ಥವಿಲ್ಲ. ಫೆಲ್ಟಿನ ಅಂಚು ಎಳೆ ಬಿಡುವುದಿಲ್ಲ, ಅದರಿಂದಲೇ ಇದು ಸಾಧ್ಯ. ನೇಯ್ದ ಬಟ್ಟೆಯಾಗಿದ್ದರೆ ಪ್ರತಿ ಅಂಚನ್ನೂ ಮಡಿಸಬೇಕಿತ್ತು, ತುಂಡು ಜಾಗಕ್ಕೆ ಕೂರುತ್ತಲೇ ಇರಲಿಲ್ಲ. ಈ ಕಲೆಯನ್ನು ಯುನೆಸ್ಕೊ 2012ರಲ್ಲಿ ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅಗ್ಗದ ಕೃತಕ ನೂಲಿನ ನೆಲಹಾಸುಗಳು ಮಾರುಕಟ್ಟೆ ತುಂಬಿದ್ದು, ಒಳ್ಳೆಯ ಉಣ್ಣೆ ಸಿಗದಿರುವುದು, ಎಳೆಯರು ಕಲಿಯಲು ಬಾರದಿರುವುದು ಅದಕ್ಕೆ ಕಾರಣ. ಈ ಮೂರು ಕಾರಣಗಳನ್ನು ನೆನಪಿಟ್ಟುಕೊಳ್ಳಿ, ನಮ್ಮೂರಿನ ಮಾತು ಬಂದಾಗ ಬೇಕಾಗುತ್ತವೆ.

ಈಗ ನಮ್ಮ ಅಂಗಡಿಗೆ ಬರೋಣ. ಸ್ಟೇಷನರಿ ಅಂಗಡಿಯ ಫೆಲ್ಟ್ ಹಾಳೆಯಲ್ಲಿ ಸಾಮಾನ್ಯವಾಗಿ ಉಣ್ಣೆ ಇರುವುದೇ ಇಲ್ಲ. ಅದು ಅಕ್ರಿಲಿಕ್ ಇಲ್ಲವೇ ಪಾಲಿಯೆಸ್ಟರ್. ಕೆಲವನ್ನು ಬಳಸಿ ಎಸೆದ ಪ್ಲಾಸ್ಟಿಕ್ ಬಾಟಲಿ ಕರಗಿಸಿ ತೆಗೆದ ಎಳೆಯಿಂದ ಮಾಡುತ್ತಾರೆ. ಈ ಎಳೆಗಳಿಗೆ ಉಣ್ಣೆಯ ಪೊರೆ ಇಲ್ಲವಲ್ಲ, ಅದಕ್ಕೆ ಯಂತ್ರದಲ್ಲಿ ಗೀರುಮುಳ್ಳಿರುವ ಸಾವಿರಾರು ಸೂಜಿಗಳನ್ನು ಮೇಲೆ ಕೆಳಗೆ ಚುಚ್ಚಿ ಚುಚ್ಚಿ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸುತ್ತಾರೆ. ಅಗ್ಗ, ಬಣ್ಣ ಚೆನ್ನ, ಮಕ್ಕಳು ಕತ್ತರಿ ಹಿಡಿಯಲು ಕಲಿಯುವುದಕ್ಕೆ ಧಾರಾಳವಾಗಿ ಸಾಕು. ವರ್ಷಗಟ್ಟಲೆ ಇರಬೇಕಾದ ವಸ್ತುವಿಗೆ ನಾನು ಅದನ್ನು ಒಪ್ಪುವುದಿಲ್ಲ. ಕೈಯಾಡಿದ ಜಾಗದಲ್ಲೆಲ್ಲ ನಾರು ಪುಟ್ಟ ಉಂಡೆಯಾಗಿ ಬೇಗ ನೊಪ್ಪೆ ಏಳುತ್ತದೆ. ತುಂಬಿ ಹೊಲಿದ ಗೊಂಬೆಯ ಹೊಟ್ಟೆ ಸಡಿಲವಾಗಿ ಹೊಲಿಗೆ ಬಾಯಿ ಬಿಡುತ್ತದೆ. ಉಣ್ಣೆಯ ಫೆಲ್ಟ್ ದುಬಾರಿ, ನಿಜ. ಒಂದು ಹಾಳೆಯ ಬೆಲೆಗೆ ಅಕ್ರಿಲಿಕ್ಕಿನ ಹಲವು ಹಾಳೆ ಬರುತ್ತವೆ. ಆದರೆ ಉಣ್ಣೆಯ ಅಂಚು ಕೊಯ್ದಲ್ಲಿ ಚೊಕ್ಕವಾಗಿ ನಿಲ್ಲುತ್ತದೆ, ಮೈ ತುಂಬಿಕೊಂಡಿರುತ್ತದೆ, ಬಣ್ಣಕ್ಕೆ ಆಳವಿರುತ್ತದೆ.

ಯಾವುದು ಉಣ್ಣೆ, ಯಾವುದು ಅಲ್ಲ ಎಂದು ಅಂಗಡಿಯವರ ಮಾತಿಗೆ ಕಾಯಬೇಕಿಲ್ಲ. ಬೆರಳಗಲದ ಚೂರೊಂದನ್ನು ಇಕ್ಕಳದಲ್ಲಿ ಹಿಡಿದು, ಪಕ್ಕದಲ್ಲಿ ಒಂದು ಬಟ್ಟಲು ನೀರಿಟ್ಟುಕೊಂಡು, ದೀಪದ ಉರಿಗೆ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಉರಿಯಿಂದ ತೆಗೆದ ಕೂಡಲೇ ಬಹುಮಟ್ಟಿಗೆ ತಾನೇ ಆರುತ್ತದೆ. ಉಳಿದ ಕರಿಯನ್ನು ಆರಿದ ಮೇಲೆ ಬೆರಳಲ್ಲಿ ಹೊಸೆದರೆ ಪುಡಿಯಾಗುತ್ತದೆ. ಅಕ್ರಿಲಿಕ್, ಪಾಲಿಯೆಸ್ಟರ್ ಕರಗಿ ಮುದುಡುತ್ತವೆ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತವೆ, ಆ ಮಣಿ ಪುಡಿಯಾಗುವುದಿಲ್ಲ. ಕರಗಿದ ಹನಿ ಕೈಗೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಆದ್ದರಿಂದ ಈ ಪರೀಕ್ಷೆ ದೊಡ್ಡವರೇ ಮಾಡಬೇಕು.

ಕತ್ತರಿಸುವ ವಿಷಯ. ಫೆಲ್ಟಿಗೆಂದೇ ಒಂದು ಹರಿತವಾದ ಕತ್ತರಿ ಎತ್ತಿಡಿ, ಅದರಲ್ಲಿ ಕಾಗದ ಕೊಯ್ಯಬೇಡಿ. ಮೊಂಡು ಕತ್ತರಿ ಫೆಲ್ಟನ್ನು ಕೊಯ್ಯುವ ಬದಲು ಎರಡು ಅಲಗಿನ ನಡುವೆ ಅಗಿಯುತ್ತದೆ, ಅಂಚಿನಲ್ಲಿ ನಾರು ಏಳುತ್ತದೆ. ಗುಂಡಗಿನ ಆಕಾರ ಕೊಯ್ಯುವಾಗ ಕತ್ತರಿ ಹಿಡಿದ ಕೈ ಇದ್ದಲ್ಲೇ ಇರಲಿ, ಇನ್ನೊಂದು ಕೈ ಬಟ್ಟೆಯನ್ನು ತಿರುಗಿಸಲಿ. ಆಗ ಅಂಚು ಮೂಲೆ ಮೂಲೆಯಾಗದೆ ದುಂಡಗೆ ಬರುತ್ತದೆ. ಬಾಲ್‌ಪೆನ್ನಿನಲ್ಲೋ ಸ್ಕೆಚ್‌ಪೆನ್ನಿನಲ್ಲೋ ಗುರುತು ಹಾಕಬೇಡಿ. ಶಾಯಿ ನಾರಿನೊಳಗೆ ಇಳಿದು ಹರಡುತ್ತದೆ, ಎಂದಿಗೂ ಹೋಗುವುದಿಲ್ಲ. ಗಾಢ ಬಣ್ಣದ ಬಟ್ಟೆಗೆ ದರ್ಜಿಗಳು ಮಾಡುವಂತೆ ಸವೆದು ತೆಳ್ಳಗಾದ ಸೋಪಿನ ಚೂರು ಒಳ್ಳೆಯದು. ಕಣ್ಣು, ಎಲೆ, ಅಕ್ಷರದಂಥ ಚಿಕ್ಕ ಆಕಾರಗಳಿಗೆ ಇನ್ನೊಂದು ಉಪಾಯವಿದೆ. ತೆಳು ಕಾಗದದ ಮೇಲೆ ಆಕಾರ ಬರೆದು, ಅದನ್ನು ಫೆಲ್ಟಿನ ಮೇಲಿಟ್ಟು ಅಂಟುಪಟ್ಟಿಯಿಂದ ಹಿಡಿಸಿ, ಕಾಗದ ಬಟ್ಟೆ ಎರಡನ್ನೂ ಒಟ್ಟಿಗೇ ಕೊಯ್ಯಿರಿ. ಬಟ್ಟೆ ಎಳೆದಾಡುವುದಿಲ್ಲ, ಗುರುತೂ ಉಳಿಯುವುದಿಲ್ಲ.

ಅಂಟಿಸುವುದಕ್ಕಿಂತ ಹೊಲಿಯುವುದನ್ನೇ ನಾನು ಮಕ್ಕಳಿಗೆ ಮೊದಲು ಕಲಿಸುತ್ತೇನೆ. ಫೆವಿಕಾಲ್ ಹಚ್ಚಿದರೆ ಅದು ಫೆಲ್ಟಿನ ಆಚೆ ಬದಿಗೆ ಇಳಿದು ಕಲೆಯಾಗುತ್ತದೆ, ಆ ಜಾಗ ಹಲಗೆಯ ಹಾಗೆ ಗಟ್ಟಿಯಾಗುತ್ತದೆ. ನೀರು ಬಿದ್ದರೆ ಬಿಳುಪಾಗಿ ಮೆತ್ತಗಾಗಿ ಬಿಡುತ್ತದೆ. ಒಗೆಯದ, ಗೋಡೆಗೆ ತೂಗುಹಾಕುವ ವಸ್ತುವಿಗೆ ಬೇಕಿದ್ದರೆ ಬೆಂಕಿಕಡ್ಡಿಯ ತುದಿಯಲ್ಲಿ ತೆಳ್ಳಗೆ, ಅಂಚಿನಿಂದ ಸ್ವಲ್ಪ ಒಳಗೆ ಹಚ್ಚಿ, ಮೇಲೆ ಪುಸ್ತಕದ ಭಾರ ಹೇರಿ ಒಣಗಿಸಿ. ಬಿಸಿ ಅಂಟಿನ ಗನ್ ಬೇಗ ಹಿಡಿಯುತ್ತದೆ. ಆದರೆ ತೆಳುವಾದ ಅಕ್ರಿಲಿಕ್ ಹಾಳೆಗೆ ಅದರ ಬಿಸಿ ಹೆಚ್ಚಾಗಬಹುದು. ಮಕ್ಕಳ ಬೆರಳಿಗಂತೂ ಅದು ಸಲ್ಲದು.

ಹೊಲಿಗೆಗೆ ಕಸೂತಿಯ ದಾರ ಸಾಕು. ಆರೆಳೆಯ ದಾರದಲ್ಲಿ ಎರಡೆಳೆ ಬಿಡಿಸಿ ಸೂಜಿಗೆ ಪೋಣಿಸಿ. ಎರಡು ತುಂಡು ಸೇರಿಸುವಾಗ ಗಂಟು ಎರಡರ ನಡುವೆ ಅಡಗುವಂತೆ ಮೊದಲ ಚುಚ್ಚು ಒಳಗಿನಿಂದ ಹಾಕಿ. ಅಂಚಿಗೆ ಕಂಬಳಿ ಹೊಲಿಗೆ ಎಲ್ಲಕ್ಕಿಂತ ಚೆನ್ನ. ಸೂಜಿಯನ್ನು ಅಂಚಿನಿಂದ ಮೂರು ಮಿಲಿಮೀಟರ್ ಒಳಗೆ ಚುಚ್ಚಿ, ಹೊರಗೆ ಬರುವಾಗ ದಾರದ ಕುಣಿಕೆಯೊಳಗಿಂದ ಎಳೆದರೆ ದಾರ ಅಂಚಿನ ಮೇಲೆ ಸಾಲಾಗಿ ಕೂರುತ್ತದೆ. ಆ ಮೂರು ಮಿಲಿಮೀಟರ್ ಬಿಡಲೇಬೇಕು. ನೇಯ್ದ ಬಟ್ಟೆಯಲ್ಲಿ ಹಾಸಿನ ನೂಲು ಹೊಲಿಗೆಯನ್ನು ತಡೆದು ಹಿಡಿಯುತ್ತದೆ, ಫೆಲ್ಟಿನಲ್ಲಿ ಅಂಥ ನೂಲಿಲ್ಲ. ತೀರ ಅಂಚಿಗೆ ಚುಚ್ಚಿ ಬಿಗಿಯಾಗಿ ಎಳೆದರೆ ದಾರ ಬಟ್ಟೆಯನ್ನು ಹರಿದುಕೊಂಡು ಹೊರಗೆ ಬರುತ್ತದೆ. ಬೆರಳಿಗೆ ದಾರ ತಾಗಿತೆನ್ನುವಷ್ಟು ಎಳೆದರೆ ಸಾಕು, ಬಟ್ಟೆ ಸುಕ್ಕಾಗಬಾರದು. ಹೊಲಿಗೆ ಯಂತ್ರದಲ್ಲಾದರೆ ಹೊಲಿಗೆಯ ಉದ್ದ ಹೆಚ್ಚಿಸಿಕೊಳ್ಳಿ. ಒತ್ತೊತ್ತಾಗಿ ತೂತು ಬಿದ್ದರೆ ಆ ಗೆರೆಯಲ್ಲೇ ಫೆಲ್ಟ್ ಹರಿಯುತ್ತದೆ. ಗೊಂಬೆಗೆ ತುಂಬುವಾಗ ಒಂದೇ ಸಲ ಹಿಡಿ ಹಿಡಿ ತುರುಕಬೇಡಿ. ಚಿಟಿಕೆ ಚಿಟಿಕೆಯಾಗಿ, ಪೆನ್ಸಿಲಿನ ಹಿಂಬದಿಯಿಂದ ಮೊದಲು ಮೂಲೆಗಳಿಗೆ, ಆಮೇಲೆ ನಡುವಿಗೆ.

ಇನ್ನು ಕಾಪಾಡುವ ಮಾತು. ಫೆಲ್ಟಿನ ವಸ್ತುವನ್ನು ಆದಷ್ಟು ಒಗೆಯಲೇಬೇಡಿ. ಧೂಳಾದರೆ ಮೆತ್ತಗಿನ ಬ್ರಷ್‌ನಿಂದ ಒಂದೇ ದಿಕ್ಕಿಗೆ ಸವರಿ, ನೆರಳಿನ ಗಾಳಿಗೆ ಒಂದು ಹೊತ್ತು ಬಿಡಿ. ಕಾಫಿಯೋ ಸಾರೋ ಚೆಲ್ಲಿದರೆ ಒಣಬಟ್ಟೆಯಿಂದ ಒತ್ತಿ ಒತ್ತಿ ಹೀರಿಸಿ. ಗಾಬರಿಯಲ್ಲಿ ಉಜ್ಜಿಬಿಡುತ್ತೇವೆ, ಅಲ್ಲೇ ಕೆಡುವುದು. ಒದ್ದೆ ಉಣ್ಣೆಯನ್ನು ಉಜ್ಜಿದರೆ ಆ ಜಾಗ ಇನ್ನಷ್ಟು ಬಿಗಿದುಕೊಂಡು ಸುತ್ತಲಿನ ಬಟ್ಟೆಗಿಂತ ಬೇರೆಯಾಗಿ ಕಾಣುತ್ತದೆ. ಎಣ್ಣೆ ಜಿಡ್ಡಾದರೆ ಟಾಲ್ಕಂ ಪೌಡರ್ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಕೊಡವಿ.

ಒಗೆಯಲೇಬೇಕಾಯಿತು ಎನ್ನಿ. ಮೊದಲು ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ. ಬಿಳಿ ಬಟ್ಟೆಯ ತುದಿ ಒದ್ದೆ ಮಾಡಿ ಕಾಣದ ಮೂಲೆಯಲ್ಲಿ ಒತ್ತಿ ಹಿಡಿದರೆ ಗೊತ್ತಾಗುತ್ತದೆ. ಕೆಂಪು ಮತ್ತು ಕಡುನೀಲಿಯ ಬಗ್ಗೆ ವಿಶೇಷ ಎಚ್ಚರ ಬೇಕು. ನೀರು ತಣ್ಣಗಿರಲಿ, ಮೊದಲಿಂದ ಕೊನೆಯವರೆಗೆ ಒಂದೇ ಹದದಲ್ಲಿರಲಿ. ಬಟ್ಟೆ ಸೋಪಿನ ಕ್ಷಾರ ಉಣ್ಣೆಗೆ ಆಗದು. ರೇಷ್ಮೆ ಸೀರೆಗೆ ನಮ್ಮ ಹಿರಿಯರು ಬಳಸುತ್ತಿದ್ದ ಅಂಟುವಾಳಕಾಯಿಯ ನೊರೆ ಇದಕ್ಕೆ ಬಹಳ ಒಳ್ಳೆಯದು. ಆ ನೊರೆನೀರಿನಲ್ಲಿ ಬಟ್ಟೆಯನ್ನು ಮುಳುಗಿಸಿ, ಅಂಗೈಯಿಂದ ಒತ್ತಿ ಒತ್ತಿ ಬಿಡಿ. ಉಜ್ಜಬಾರದು, ಕುಕ್ಕಬಾರದು, ಹಿಂಡಬಾರದು. ಎತ್ತುವಾಗ ಒಂದು ತುದಿ ಹಿಡಿದು ಎತ್ತಬೇಡಿ, ನೀರಿನ ಭಾರಕ್ಕೆ ಆಕಾರ ಎಳೆದುಹೋಗುತ್ತದೆ. ಎರಡೂ ಕೈ ಅಡಿಗೆ ಕೊಟ್ಟು ಎತ್ತಿ. ಒಣ ಟವೆಲಿನ ಮೇಲೆ ಹಾಸಿ, ಟವೆಲ್ ಸಮೇತ ಸುರುಳಿ ಸುತ್ತಿ ಒತ್ತಿದರೆ ನೀರೆಲ್ಲ ಟವೆಲಿಗೆ ಬರುತ್ತದೆ. ಆಮೇಲೆ ಕೈಯಿಂದ ಆಕಾರ ಸರಿಮಾಡಿ, ನೆರಳಿನಲ್ಲಿ ಮಟ್ಟಸವಾಗಿ ಹರಡಿ ಒಣಗಿಸಿ. ತಂತಿಯ ಮೇಲೆ ತೂಗುಹಾಕಬೇಡಿ.

ಇಸ್ತ್ರಿ ಮಾಡುವಾಗ ಉಣ್ಣೆಯ ಫೆಲ್ಟಿಗೂ ಪೆಟ್ಟಿಗೆಗೂ ನಡುವೆ ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆ ಇರಲಿ. ಎಳೆದು ಉಜ್ಜದೆ, ಇಟ್ಟು ಎತ್ತಿ ಇಟ್ಟು ಎತ್ತಿ ಮಾಡಿ. ಅಕ್ರಿಲಿಕ್ಕಿಗೆ ಒಣಬಟ್ಟೆ ಹಾಸಿ, ತೀರ ಕಡಿಮೆ ಬಿಸಿಯಲ್ಲಿ. ಹೆಚ್ಚಾದರೆ ಮೈ ಕರಗಿ ಹೊಳಪು ಹೊಡೆದುಬಿಡುತ್ತದೆ, ಮತ್ತೆ ಸರಿಹೋಗುವುದಿಲ್ಲ. ನೊಪ್ಪೆ ಎದ್ದರೆ ಕೈಯಿಂದ ಕೀಳಬೇಡಿ. ಕಿತ್ತಷ್ಟೂ ಒಳಗಿನ ನಾರು ಹೊರಗೆ ಬರುತ್ತದೆ. ಚಿಕ್ಕ ಕತ್ತರಿಯನ್ನು ಮಟ್ಟಸವಾಗಿ ಹಿಡಿದು ಕತ್ತರಿಸಿ.

ಉಣ್ಣೆಯ ದೊಡ್ಡ ಶತ್ರು ನುಸಿ. ಕಪಾಟಿನಲ್ಲಿ ಹಾರುವ ಆ ಪುಟ್ಟ, ಹೊಂಬಣ್ಣದ ಪತಂಗ ತಾನು ಏನನ್ನೂ ತಿನ್ನುವುದಿಲ್ಲ. ಅದು ಇಟ್ಟ ಮೊಟ್ಟೆಯಿಂದ ಹೊರಬರುವ ಹುಳು ಉಣ್ಣೆ ತಿನ್ನುತ್ತದೆ. ಉಣ್ಣೆಯಲ್ಲಿರುವುದು ನಮ್ಮ ಕೂದಲು, ಉಗುರಿನಲ್ಲಿರುವ ಕೆರಟಿನ್ ಎಂಬ ಪ್ರೋಟೀನು, ಅದೇ ಅದಕ್ಕೆ ಆಹಾರ. ಬೆವರು, ಆಹಾರದ ಕಲೆ ಇರುವ ಉಣ್ಣೆಯೆಂದರೆ ಅದಕ್ಕೆ ಇನ್ನೂ ಪ್ರೀತಿ. ಕತ್ತಲೆಯಲ್ಲಿ ಅಲುಗಾಡದೆ ಬಿದ್ದಿರುವ ಬಟ್ಟೆಯನ್ನೇ ಹುಡುಕುತ್ತದೆ. ಆದ್ದರಿಂದ ಚೊಕ್ಕ ಮಾಡದೆ ಎತ್ತಿಡಬೇಡಿ. ಎತ್ತಿಟ್ಟದ್ದನ್ನು ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ ತೆಗೆದು ಕೊಡವಿ ಗಾಳಿಗೆ ಹಾಕಿ. ಒಣಗಿದ ಬೇವಿನೆಲೆ ಇಡುವ ಪದ್ಧತಿ ನಮ್ಮಲ್ಲಿದೆ, ಇಡಿ. ಆದರೆ ಒಳಗೆ ಸೇರಿಕೊಂಡ ಮೊಟ್ಟೆಯನ್ನು ಬೇವು ಕೊಲ್ಲುತ್ತದೆಂದು ನಂಬಿ ಕೂರಬೇಡಿ. ನುಸಿಗುಳಿಗೆಯ ಬಗ್ಗೆ ನನಗೆ ಒಂದು ಕಟ್ಟುನಿಟ್ಟಿನ ಮಾತಿದೆ: ಹಸುಗೂಸು ಮಲಗುವ ಕೋಣೆಯಲ್ಲಿ, ಮಗು ಬಾಯಿಗಿಡುವ ಗೊಂಬೆಯ ಜೊತೆಯಲ್ಲಿ ಅದು ಬೇಡವೇ ಬೇಡ. ಅದರಲ್ಲಿರುವ ನ್ಯಾಫ್ತಲೀನ್ ಕೆಲವು ಮಕ್ಕಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ, ಜೀವಕ್ಕೆ ಅಪಾಯವಾಗುತ್ತದೆ.

ಹುಳು ಬಿದ್ದಿದೆ ಎಂದು ಅನುಮಾನ ಬಂದರೆ ಬೇರೊಂದು ದಾರಿಯಿದೆ. ವಸ್ತುವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಗಾಳಿ ತೆಗೆದು ಬಾಯಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಬಿಡಿ. ಹುಳುವೂ ಮೊಟ್ಟೆಯೂ ಸಾಯುತ್ತವೆ. ವಸ್ತುಸಂಗ್ರಹಾಲಯದವರೂ ಹೀಗೆ ಮಾಡುತ್ತಾರೆ. ಹೊರಗೆ ತೆಗೆದ ಮೇಲೆ ಚೀಲ ಕೂಡಲೇ ಬಿಚ್ಚಬೇಡಿ. ಬಿಚ್ಚಿದರೆ ತಣ್ಣಗಿನ ಉಣ್ಣೆಯ ಮೇಲೆ ಗಾಳಿಯ ತೇವ ಕೂರುತ್ತದೆ, ಬೂಸ್ಟು ಹಿಡಿಯುತ್ತದೆ. ಒಂದು ದಿನ ಹಾಗೇ ಇಟ್ಟು ಆಮೇಲೆ ತೆಗೆಯಿರಿ. ಅಕ್ರಿಲಿಕ್ ಫೆಲ್ಟನ್ನು ನುಸಿ ತಿನ್ನುವುದಿಲ್ಲ, ಅದೊಂದು ಅನುಕೂಲ ಅದಕ್ಕಿದೆ. ಬೂಸ್ಟು ಮಾತ್ರ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಎರಡನ್ನೂ ಬಿಡುವುದಿಲ್ಲ.

ಕೊನೆಯದಾಗಿ ನಮ್ಮ ನಾಡಿನ ಉಣ್ಣೆ. ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ಬಾಗಲಕೋಟೆ, ಬೆಳಗಾವಿ ಸೀಮೆಗಳ ಬಯಲಲ್ಲಿ ದಖ್ಖನಿ, ಬಳ್ಳಾರಿ ತಳಿಯ ಕುರಿಗಳಿವೆ. ಅವುಗಳ ತುಪ್ಪಟ ಒರಟು, ಹೆಚ್ಚಾಗಿ ಕಪ್ಪು. ಕುರುಬರ ಮನೆಯ ಹೆಂಗಸರು ಅದನ್ನು ನೂಲುತ್ತಾರೆ, ಗಂಡಸರು ಗುಂಡಿ ಮಗ್ಗದಲ್ಲಿ ನೇಯುತ್ತಾರೆ, ಹುಣಸೆ ಬೀಜದ ಗಂಜಿ ಹಚ್ಚಿ ಕಂಬಳಿ ಗಡುಸು ಮಾಡುತ್ತಾರೆ. ಕಂಬಳಿ ನೇಯ್ದ ಬಟ್ಟೆ, ಫೆಲ್ಟ್ ಅಲ್ಲ. ಮೈಲಾರಲಿಂಗನ ಗೊರವಯ್ಯ ಹೊದ್ದು ಕುಣಿಯುವುದು ಈ ಕರಿಯ ಕಂಬಳಿಯನ್ನೇ, ದೇವರ ಗದ್ದಿಗೆಗೆ ಹಾಸುವುದೂ ಇದನ್ನೇ. ಇಂಥ ಕಂಬಳಿಯ ಜಾಗವನ್ನು ಈಗ ಗಿರಣಿಯ ಅಗ್ಗದ ಹೊದಿಕೆಗಳು ಹಿಡಿದಿವೆ. ವರ್ಷಕ್ಕೆ ಎರಡು ಸಲ ಕುರಿಯ ಉಣ್ಣೆ ಕತ್ತರಿಸಲೇಬೇಕು, ಆದರೆ ಎಷ್ಟೋ ಕಡೆ ಕತ್ತರಿಸಿದ ಕೂಲಿಯೂ ಹುಟ್ಟದೆ ಉಣ್ಣೆಯನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಶಿರ್ದಾಕ್‌ಗೆ ಕುತ್ತು ತಂದ ಕಾರಣಗಳನ್ನು ನೆನಪಿಟ್ಟುಕೊಳ್ಳಿ ಎಂದೆನಲ್ಲ, ಇಲ್ಲಿಯೂ ಅಗ್ಗದ ಕೃತಕ ನೂಲೇ ಅಡ್ಡ ನಿಂತಿದೆ, ಇಲ್ಲಿಯೂ ಎಳೆಯರು ಮಗ್ಗಕ್ಕೆ ಇಳಿಯುತ್ತಿಲ್ಲ. ಉಣ್ಣೆಯ ಮಟ್ಟಿಗೆ ಮಾತ್ರ ನಮ್ಮ ಸ್ಥಿತಿ ತಿರುಗುಮುರುಗು: ಅವರಿಗೆ ಸಿಗುತ್ತಿಲ್ಲ, ನಾವು ಬಿಸಾಡುತ್ತಿದ್ದೇವೆ.

ಈ ಒರಟು ಉಣ್ಣೆಯಿಂದ ಮೆತ್ತಗಿನ ಗೊಂಬೆ ಆಗುವುದಿಲ್ಲ, ಮಗುವಿನ ಮೈಗೆ ಚುಚ್ಚುತ್ತದೆ. ಆದರೆ ಬಿಸಿ ಪಾತ್ರೆ ಇಡುವ ಹಾಸು, ಕೂರುವ ಆಸನ, ಹೂಕುಂಡದ ಹೊದಿಕೆಗೆ ಅದು ಸೊಗಸಾಗಿ ಒದಗುತ್ತದೆ. ಮಾಡುವುದೂ ಕಷ್ಟವಲ್ಲ. ತೊಳೆದು ಒಣಗಿಸಿದ ಉಣ್ಣೆಯನ್ನು ಚೆನ್ನಾಗಿ ಹಿಂಜಿ, ಬೇಕಾದ ಅಳತೆಗಿಂತ ಮೂರನೆಯ ಒಂದರಷ್ಟು ದೊಡ್ಡದಾಗಿ, ಚಾಪೆಯ ಮೇಲೆ ತೆಳ್ಳಗೆ ಹರಡಿ. ಮೊದಲ ಪದರದ ಎಳೆ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ, ಮೂರನೆಯದು ಮತ್ತೆ ಉದ್ದಕ್ಕೆ. ಮೇಲೆ ಹಳೆಯ ಸೊಳ್ಳೆಪರದೆಯ ತುಂಡು ಹಾಸಿ, ಕೈ ತಡೆಯುವಷ್ಟು ಬಿಸಿಯ ಸೋಪಿನ ನೀರು ಚಿಮುಕಿಸಿ, ಅಂಗೈಯಿಂದ ಮೆಲ್ಲನೆ ಒತ್ತುತ್ತಾ ಸವರಿ. ಎಳೆಗಳು ಹಿಡಿದುಕೊಂಡ ಮೇಲೆ ಪರದೆ ತೆಗೆದು, ಚಾಪೆ ಸುತ್ತಿ, ಉರುಳಿಸಿ. ಆಗಾಗ ಬಿಚ್ಚಿ ದಿಕ್ಕು ಬದಲಿಸಿ ಮತ್ತೆ ಸುತ್ತಿ. ಒರಟು ಉಣ್ಣೆ ನಿಧಾನವಾಗಿ ಕೂಡುತ್ತದೆ, ಅವಸರ ಮಾಡಬಾರದು. ಬೆರಳಲ್ಲಿ ಚಿವುಟಿ ಎತ್ತಿದರೆ ಎಳೆಗಳು ಬೇರೆಯಾಗಿ ಬರದೆ ಇಡೀ ಹಾಸೇ ಮೇಲೆದ್ದರೆ ಆಯಿತು ಎಂದು ಲೆಕ್ಕ. ಸೋಪು ಹೋಗುವಂತೆ ಜಾಲಿಸಿ, ಎಳೆದು ಚೌಕ ಮಾಡಿ ಒಣಗಿಸಿ. ಐದನೇ ಆರನೇ ತರಗತಿಯ ಮಕ್ಕಳು ಇದನ್ನು ಖುಷಿಯಿಂದ ಮಾಡುತ್ತಾರೆ.

ಶಾಲೆಗಳಲ್ಲಿ ಕೈಕೆಲಸ ಕಲಿಸುವ ಅಕ್ಕಂದಿರಲ್ಲಿ, ಅಣ್ಣಂದಿರಲ್ಲಿ ನನ್ನ ವಿನಂತಿ ಇಷ್ಟು. ಪ್ಲಾಸ್ಟಿಕ್ ಫೆಲ್ಟ್ ಹಾಳೆ ತರಿಸುವ ಪಟ್ಟಿಯ ಜೊತೆಗೆ ಈ ವರ್ಷ ಒಂದೆರಡು ಕಿಲೋ ಕುರಿ ಉಣ್ಣೆಯನ್ನೂ ಬರೆಯಿರಿ. ನಿಮ್ಮ ಸುತ್ತಮುತ್ತ ಕುರಿ ಕಾಯುವವರು ಉಣ್ಣೆ ಕತ್ತರಿಸುವ ದಿನ ಯಾವುದೆಂದು ಕೇಳಿ ತಿಳಿದು, ಮಕ್ಕಳನ್ನು ಕರೆದುಕೊಂಡು ಹೋಗಿ. ಉಣ್ಣೆಯನ್ನು ಪುಕ್ಕಟೆ ತರಬೇಡಿ, ಅವರು ಹೇಳಿದ ಬೆಲೆ ಕೊಟ್ಟು ತನ್ನಿ.